ಇಲ್ಲಿ ಕಡಲಿತ್ತಂತೆ: ದುರ್ಗದ ಮೂರು ಕವಿತೆಗಳ ಸುದ್ದಿ

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಒಂದು ಖುಷಿಯ ಸುದ್ದಿ ಹೇಳಬೇಕಿತ್ತು. ಈ ವರ್ಷ ನನ್ನ ಮೂರು ಕವಿತೆಗಳನ್ನು ಹೊರದೇಶದ ಸ್ಪೆಕ್ಯುಲೇಟಿವ್ ಪತ್ರಿಕೆಗಳು ಆರಿಸಿಕೊಂಡಿವೆ. ಎರಡು ಈಗಾಗಲೇ ಬಂದಿವೆ. ಮೂರನೆಯದು ಇನ್ನೂ ಬರಬೇಕು. ಅದು ಪ್ರಕಟವಾಗುವ ತನಕ ಪತ್ರಿಕೆಯ ಹೆಸರನ್ನೂ ಕವಿತೆಯನ್ನೂ ಹೊರಗೆ ಹೇಳುವಂತಿಲ್ಲ.

ಸ್ಪೆಕ್ಯುಲೇಟಿವ್ ಅಂದರೆ ಏನು ಅಂತ ಮನೆಯಲ್ಲೂ ಕೇಳಿದರು. ಇರುವ ಲೋಕವನ್ನು ಒಂದು ಕಡೆ ಸ್ವಲ್ಪ ಓರೆ ಮಾಡಿ, 'ಹೀಗಾಗಿದ್ರೆ?' ಅಂತ ಕೇಳಿ ಬರೆಯುವ ಬರಹ. ವಿಜ್ಞಾನ ಕಥೆ, ದೆವ್ವದ ಕಥೆ, ಇನ್ನೊಂದು ಲೋಕದ ಕಥೆ ಎಲ್ಲವೂ ಇದರೊಳಗೆ ಬರುತ್ತವೆ. ಕವಿತೆಗೂ ಇಲ್ಲಿ ಜಾಗ ಇದೆ. ಅಮೆರಿಕದಲ್ಲಿ ಇಂಥ ಕವಿಗಳದೇ ಒಂದು ಸಂಘ 1978ರಲ್ಲಿ ಶುರುವಾಯಿತು. 'ಸ್ಟಾರ್‌ಲೈನ್' ಅವರ ಪತ್ರಿಕೆ. 'ಸ್ಟ್ರೇಂಜ್ ಹೊರೈಜನ್ಸ್' 2000ದಲ್ಲಿ ಶುರುವಾದ ಅಂತರ್ಜಾಲ ಪತ್ರಿಕೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ನಾನು ಈ ಕವಿತೆಗಳನ್ನು ಕಲಿತದ್ದೇ ಅಲ್ಲಿ ಓದಿ ಓದಿ.

ಮೊದಲ ಕವಿತೆ ಮರಡಿಹಳ್ಳಿ ಕಲ್ಲಿನದು. ದುರ್ಗದ ಹತ್ತಿರವೇ ಇದೆ, ಆದರೂ ನಮ್ಮಲ್ಲಿ ಎಷ್ಟೋ ಜನ ನೋಡಿಲ್ಲ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುವ ಕಪ್ಪು ಬಂಡೆ. ಭೂವಿಜ್ಞಾನಿಗಳು ಅದನ್ನು ದಿಂಬು ಲಾವಾ ಅನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಬೆಂಕಿ ಉಕ್ಕಿ, ತಣ್ಣೀರು ತಾಗಿದ ಕೂಡಲೇ ಹೊರಗೆ ಗಟ್ಟಿಯಾಗಿ, ಹೀಗೆ ಉಬ್ಬಿ ನಿಂತಿದೆ. ಅಂದರೆ ನಮ್ಮ ಈ ಬರಗಾಲದ ಸೀಮೆಯಲ್ಲಿ ಒಂದು ಕಾಲಕ್ಕೆ ಕಡಲಿತ್ತು! ಎಂಟನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿಯೇ ಬಿಟ್ಟ. ಕವಿತೆ ಹುಟ್ಟಿದ್ದು ಅವತ್ತು. ನಮ್ಮ ಬರವೂ ಬತ್ತಿದ ಬೋರ್‌ವೆಲ್ಲೂ ಅದರೊಳಗೆ ಬಂದವು.

ಎರಡನೆಯದು ಚಂದ್ರನ ಮೇಲೆ ಮಂಡಕ್ಕಿ ಹುರಿಯುವ ಹೆಂಗಸಿನ ಕವಿತೆ. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3 ಇಳಿಯಿತಲ್ಲ, ಶಾಲೆಯಲ್ಲಿ ಮಕ್ಕಳ ಜೊತೆ ಕೂತು ನೋಡುತ್ತಿದ್ದೆ. ದಾವಣಗೆರೆ ಕಡೆಯ ಹುಡುಗಿಯೊಬ್ಬಳು, 'ಮಿಸ್, ಅಲ್ಲಿ ಬರೀ ಮರಳು ಇದ್ದಂಗಿದೆ, ಮಂಡಕ್ಕಿ ಹುರೀಬಹುದಾ?' ಅಂದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ವರ್ಷ ಬರೆದೆ.

ಎಲ್ಲವನ್ನೂ ಮೊದಲು ಕನ್ನಡದಲ್ಲೇ ಬರೆದದ್ದು. ಆಮೇಲೆ ನಾನೇ ಇಂಗ್ಲಿಷಿಗೆ ತಂದೆ. ಏನಾದರೂ ಕೇಳುವುದಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ತೋಳಹುಣಸೆ ಹುಡುಗ, ದಾವಣಗೆರೆ

ಅಭಿನಂದನೆ ಮೇಡಂ! ನಾನು ಎಂ.ಎ. ಓದುತ್ತಿದ್ದೇನೆ. ನನ್ನ ಹತ್ತಿರವೂ ಇಂಥ ಐದಾರು ಕವಿತೆ ಇವೆ. ಕಳಿಸುವುದು ಹೇಗೆ? ದುಡ್ಡು ಕಟ್ಟಬೇಕಾ? ಫೇಸ್‌ಬುಕ್‌ನಲ್ಲಿ ಈಗಾಗಲೇ ಹಾಕಿದ್ದೇನೆ, ತೊಂದರೆ ಇಲ್ಲ ಅಲ್ವಾ?

ಜೋಗಿಮಟ್ಟಿ ಗಾಳಿ

ತಮ್ಮಾ, ತೊಂದರೆ ಇದೆ. ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ ಕವಿತೆಯನ್ನು ಬಹಳ ಪತ್ರಿಕೆಗಳು 'ಆಗಲೇ ಪ್ರಕಟವಾಗಿದೆ' ಅಂತ ಲೆಕ್ಕ ಹಾಕುತ್ತವೆ. ಅವರು ಕೇಳುವುದು ಮೊದಲ ಸಲ ಅಚ್ಚು ಮಾಡುವ ಹಕ್ಕು. ಹಾಗಾಗಿ ಹೊಸದನ್ನು ಬರೆದಾಗ ಯಾರಿಗೂ ತೋರಿಸದೆ ಇಟ್ಟುಕೋ. ಒಂದಿಬ್ಬರು ಗೆಳೆಯರಿಗೆ ಓದಿ ಹೇಳಿದರೆ ಪರವಾಗಿಲ್ಲ.

ನಾನು ಕಳಿಸಿದ ಯಾವ ಪತ್ರಿಕೆಯೂ ದುಡ್ಡು ಕೇಳಲಿಲ್ಲ. ಈ ಬಗೆಯ ಪತ್ರಿಕೆಗಳಲ್ಲಿ ಬರೆದವರಿಗೆ ಅವರು ಕೊಡುವುದೇ ರೂಢಿ. ದುಡ್ಡು ಕೇಳಿದರೆ ಕಳಿಸುವ ಮುಂಚೆ ಎರಡು ಸಲ ಯೋಚಿಸು. 'ಸಬ್ಮಿಷನ್ ಗ್ರೈಂಡರ್' ಅಂತ ಒಂದು ತಾಣ ಇದೆ, ಉಚಿತ. ಯಾವ ಪತ್ರಿಕೆ ಈಗ ಕವಿತೆ ತೆಗೆದುಕೊಳ್ಳುತ್ತಿದೆ, ಎಷ್ಟು ದಿನಕ್ಕೆ ಉತ್ತರ ಕೊಡುತ್ತಾರೆ ಎಲ್ಲ ಅಲ್ಲಿ ಸಿಗುತ್ತದೆ. ಪ್ರತಿ ಪತ್ರಿಕೆಗೂ ಬಾಗಿಲು ತೆರೆಯುವ ತಿಂಗಳು ಬೇರೆ. ಒಂದೇ ಕವಿತೆಯನ್ನು ಎರಡು ಕಡೆ ಒಟ್ಟಿಗೆ ಕಳಿಸಬಹುದೋ ಇಲ್ಲವೋ ಅಂತ ಅವರವರ ನಿಯಮದಲ್ಲಿ ಬರೆದಿರುತ್ತಾರೆ. ಅದನ್ನು ಪೂರ್ತಿ ಓದದೆ ಕಳಿಸಬೇಡ. ಜೊತೆಗಿನ ಪತ್ರ ಮೂರು ಸಾಲು ಸಾಕು. ಕವಿತೆಯ ಅರ್ಥ ವಿವರಿಸಲು ಹೋಗಬೇಡ.

ನನಗೆ ಈ ಮೂರಕ್ಕೆ ಮುಂಚೆ 41 ಸಲ 'ಬೇಡ' ಬಂದಿದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮರಡಿಹಳ್ಳಿ ಕವಿತೆಯೇ ಒಂಬತ್ತು ಕಡೆಯಿಂದ ವಾಪಸ್ ಬಂದಿತ್ತು. ಎರಡನೇ ಕವಿತೆಗೆ ಬಂದ ದುಡ್ಡಿನಲ್ಲಿ ಶಾಲೆಗೆ ಆರು ಭೂತಗನ್ನಡಿ ತಂದೆ. ಮಕ್ಕಳು ಈಗ ಕಲ್ಲು ನೋಡುವುದನ್ನು ಬಿಡುತ್ತಲೇ ಇಲ್ಲ.

ಹಳೇ ಮೇಷ್ಟ್ರು, ದಾವಣಗೆರೆ

ಮೇಡಂ, ಸಂತೋಷವಾಯಿತು. ಆದರೆ ಮನಸ್ಸಿನಲ್ಲಿದ್ದದ್ದನ್ನು ಹೇಳದಿದ್ದರೆ ನಿಮಗೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ. 34 ವರ್ಷ ಕನ್ನಡ ಕಲಿಸಿದವನು ನಾನು. ಕನ್ನಡದಲ್ಲಿ ಬರೆದೆ ಅನ್ನುತ್ತೀರಿ. ಆದರೆ ಜಗತ್ತು ಅದನ್ನು ಇಂಗ್ಲಿಷಿನಲ್ಲಿ ಮೊದಲು ಓದಿತು. ಮರಡಿಹಳ್ಳಿಯ ಜನ ಇನ್ನೂ ಓದಿಲ್ಲ. ನಮ್ಮ ಬರ, ನಮ್ಮ ಬತ್ತಿದ ಬೋರ್‌ವೆಲ್ಲು ದೂರದವರಿಗೆ ಚೆಂದದ ವಿಚಿತ್ರವಾಗಿ ಕಾಣುತ್ತದೆ. ಅದನ್ನು ಅವರಿಗಾಗಿ ಕಟ್ಟಿ ಕೊಟ್ಟಂತೆ ಆಗಲಿಲ್ಲವೇ?

ಇನ್ನೊಂದು ಮಾತು. ಈ 'ಸ್ಪೆಕ್ಯುಲೇಟಿವ್' ಹೊಸದೇನೂ ಅಲ್ಲ. 12ನೇ ಶತಮಾನದ ಬೆಡಗಿನ ವಚನಗಳನ್ನು, ಒಗಟಿನ ಹಾಗೆ ಮಾತಾಡುವ ಆ ವಚನಗಳನ್ನು ನೋಡಿ. ಅಲ್ಲಮ ಕಟ್ಟುವ ಲೋಕ ಯಾವ ಗ್ರಹದ್ದು ಹೇಳಿ? ಅದಕ್ಕೆ ಹೊರಗಿನ ಹೆಸರು ಯಾಕೆ ಬೇಕು?

ಜೋಗಿಮಟ್ಟಿ ಗಾಳಿ

ಮೇಷ್ಟ್ರೇ, ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಮೊದಲ ಪ್ರಶ್ನೆ ನನ್ನನ್ನೂ ಕಾಡಿದೆ.

ಕನ್ನಡದ ಕವಿತೆಯನ್ನು ಮೊದಲು ಕನ್ನಡಕ್ಕೇ ಕಳಿಸಿದ್ದೆ. ಒಂದು ಪತ್ರಿಕೆಯಿಂದ 14 ತಿಂಗಳು ಉತ್ತರವೇ ಬರಲಿಲ್ಲ. ಇನ್ನೊಂದು ಕಡೆ, 'ಇದು ಕವಿತೆಯೋ ವಿಜ್ಞಾನದ ಪಾಠವೋ' ಅಂತ ಕೇಳಿ ವಾಪಸ್ ಕಳಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದಲ್ಲಿ ವಿಜ್ಞಾನ ಕಥೆಗೆ ಓದುಗರಿದ್ದಾರೆ. ವಿಶೇಷಾಂಕಗಳಲ್ಲಿ ಕವಿತೆಗೂ ಪುಟ ಇದೆ. ಎರಡೂ ಸೇರಿದರೆ ಎಲ್ಲಿಡಬೇಕು ಅಂತ ಅವರಿಗೆ ತಿಳಿಯಲಿಲ್ಲ. ಹೊರಗಿನ ಸಂಪಾದಕರಿಗೆ ಅದನ್ನು ಇಡುವ ಗೂಡು ಮೊದಲೇ ಇತ್ತು. ವ್ಯತ್ಯಾಸ ಇಷ್ಟೇ.

ಬರವನ್ನು ಚೆಂದ ಮಾಡಿದೆನಾ? ಕವಿತೆಯನ್ನೇ ಹಾಕುತ್ತೇನೆ, ನೀವೇ ನೋಡಿ. ಒಪ್ಪಂದದ ಅವಧಿ ಮುಗಿದು ಹಕ್ಕು ನನಗೇ ವಾಪಸ್ ಬಂದಿದೆ. ಕನ್ನಡದಲ್ಲಿ ಇದು ಹೊರಗೆ ಬರುತ್ತಿರುವುದು ಇದೇ ಮೊದಲು.

ಇಲ್ಲಿ ಕಡಲಿತ್ತಂತೆ.
ಬೆಂಕಿ ಕಲಸಿ ದಿಂಬು ಮಾಡಿ
ಮಲಗಿತ್ತಂತೆ.
ಮುಖ ಎತ್ತ ಮಾಡಿತ್ತೆಂದು
ಉಬ್ಬು ನೋಡಿದರೆ ತಿಳಿಯುತ್ತಂತೆ.
ಸಾವಿರ ಅಡಿ ಕೊರೆದು
ಬರೀ ಧೂಳು ಬಂದ ರಾತ್ರಿ
ಅವ್ವ ದಿಂಬಿಗೆ ಕಿವಿಯಿಟ್ಟಳು.
ಉಸಿರಾಡ್ತಿದೆ ಅಂದಳು,
ಮೆಲ್ಲಗೆ ಮಾತಾಡಿ.

ಉಬ್ಬಿನ ಸಾಲು ನಾನು ಕಟ್ಟಿದ್ದಲ್ಲ. ದಿಂಬು ಲಾವಾದ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತದೆ. ಪದರಗಳು ಮಗುಚಿ ಬಿದ್ದಿದ್ದರೂ ಆಗ ಮೇಲ್ಗಡೆ ಯಾವುದಿತ್ತು ಅಂತ ಭೂವಿಜ್ಞಾನಿಗಳು ಅದರಿಂದಲೇ ಹೇಳುತ್ತಾರೆ. ಹತ್ತೇ ಸಾಲು. ನಾನು ಹೇಳಿದ ಸಂಘದವರು ಹತ್ತು ಸಾಲಿನೊಳಗಿನ ಕವಿತೆಗೇ ಅಂತ ಡ್ವಾರ್ಫ್ ಸ್ಟಾರ್ಸ್ ಎಂಬ ಬಹುಮಾನ ಇಟ್ಟಿದ್ದಾರೆ. ಚಿಕ್ಕದನ್ನು ಅಷ್ಟು ಗೌರವದಿಂದ ಓದುವವರು ಇದ್ದಾರೆ ಅಂತ ತಿಳಿದಾಗ ನನಗೆ ಧೈರ್ಯ ಬಂತು.

ಹಳೇ ಮೇಷ್ಟ್ರು

ಮೂರು ಸಲ ಓದಿದೆ. ನನ್ನ ಒಂದು ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಇದು ಯಾರಿಗೋ ಕಟ್ಟಿ ಕೊಟ್ಟ ಬರ ಅಲ್ಲ.

ಒಂದು ಗಮನಿಸಿದೆ. ಮೊದಲ ಐದು ಸಾಲಿನಲ್ಲಿ ಮೂರು ಸಲ 'ಅಂತೆ' ಇದೆ. ಕೊನೆಯ ಐದರಲ್ಲಿ ಒಂದೂ ಇಲ್ಲ. ಕೇಳಿದ್ದು ಮುಗಿದು ಕಂಡದ್ದು ಶುರುವಾಗುತ್ತದೆ. ಅವ್ವ ಕಿವಿಯಿಟ್ಟಳಂತೆ ಅಂದಿದ್ದರೆ ಕವಿತೆ ಅಲ್ಲೇ ಸತ್ತು ಹೋಗುತ್ತಿತ್ತು. ಈ 'ಅಂತೆ'ಯನ್ನು ಇಂಗ್ಲಿಷಿಗೆ ಹೇಗೆ ತಂದಿರಿ? ಅದು ಹೇಳಿ.

ಜೋಗಿಮಟ್ಟಿ ಗಾಳಿ

ಮೇಷ್ಟ್ರೇ, ಇದನ್ನು ಯಾರಾದರೂ ಕೇಳಲಿ ಅಂತ ಎಷ್ಟು ದಿನದಿಂದ ಕಾಯುತ್ತಿದ್ದೆ!

ತರಲು ಆಗಲಿಲ್ಲ. 'ಎಂದು ಹೇಳುತ್ತಾರೆ' ಅನ್ನುವ ಅರ್ಥದ ಮಾತು ಇಂಗ್ಲಿಷಿನಲ್ಲಿ ಇದೆ. ಆದರೆ ಅದು ಸಾಲಿನ ಮುಂದೆಯೇ ಬಂದು ನಿಲ್ಲುತ್ತದೆ. ಕಡಲು ಕಾಣುವ ಮುಂಚೆ ಹೇಳಿದವರು ಕಾಣುತ್ತಾರೆ. ನಮ್ಮ 'ಅಂತೆ' ಕೊನೆಯಲ್ಲಿ ಬರುತ್ತದೆ. ಮೊದಲು ಕಡಲು ಬರುತ್ತದೆ, ಪೂರ್ತಿ ಕಡಲು. ಆಮೇಲೆ ಮೆಲ್ಲಗೆ, ನಾನು ನೋಡಿಲ್ಲ, ಕೇಳಿದ್ದು ಅಷ್ಟೇ ಅಂತ. ಆ ಪತ್ರಿಕೆಯ ಸಂಪಾದಕರಿಗೆ ಇದನ್ನು ಎರಡು ಮೇಲ್‌ನಲ್ಲಿ ವಿವರಿಸಿದೆ. ಕಡೆಗೆ ಮೊದಲ ಐದು ಸಾಲನ್ನು ಮಗು ಅಮ್ಮನನ್ನು ಕೇಳುವ ಪ್ರಶ್ನೆಗಳಾಗಿ ಬದಲಾಯಿಸಿದೆವು. ಬೇರೆಯೇ ಕವಿತೆ ಆಯಿತು. ಚೆನ್ನಾಗಿದೆ, ಆದರೆ ಬೇರೆ.

ಅದೇ ಹೊತ್ತಿನಲ್ಲಿ ಒಂದು ವಿಷಯ ಸಿಕ್ಕಿತು. 1978ರಲ್ಲಿ ಆ ಕವಿಗಳ ಸಂಘ ಶುರು ಮಾಡಿದವರು ಸುಜೆಟ್ ಹೇಡನ್ ಎಲ್ಜಿನ್. ಭಾಷಾವಿಜ್ಞಾನಿ. ಹೆಂಗಸರು ತಮ್ಮ ಅನುಭವ ಹೇಳಲು ಇರುವ ಭಾಷೆ ಸಾಲದು ಅಂತ ಅವರು 1982ರಲ್ಲಿ ಹೊಸ ಭಾಷೆಯೊಂದನ್ನೇ ಕಟ್ಟಲು ಹೊರಟರು. ಹೆಸರು ಲಾಆದನ್. ಆ ಭಾಷೆಯಲ್ಲಿ ವಾಕ್ಯದ ಕೊನೆಗೆ ಒಂದು ಚಿಕ್ಕ ಪದ ಬರಬೇಕು. ಈ ಮಾತು ನನಗೆ ಹೇಗೆ ಗೊತ್ತು ಅನ್ನುವುದನ್ನು ಆ ಪದ ಹೇಳುತ್ತದೆ. ನಾನೇ ಕಂಡದ್ದಕ್ಕೆ ಒಂದು, ಕನಸಿನಲ್ಲಿ ಕಂಡದ್ದಕ್ಕೆ ಒಂದು, ನಂಬುವವರಿಂದ ಕೇಳಿದ್ದಕ್ಕೆ ಒಂದು, ನಂಬದವರಿಂದ ಕೇಳಿದ್ದಕ್ಕೆ ಇನ್ನೊಂದು, ಬರೀ ಕಲ್ಪನೆಗೆ ಮತ್ತೊಂದು.

ಓದುತ್ತಾ ಮೈ ಜುಂ ಅಂದಿತು. ಅವರು ಕೂತು ಕಟ್ಟಿದ್ದರಲ್ಲಿ ಒಂದು ಪಾಲು ನಮ್ಮ ಅಜ್ಜಿಯರ ಬಾಯಲ್ಲಿ ಮೊದಲೇ ಇತ್ತು ಅಲ್ವಾ?

ಕಣಿವೆ ಕೋಡಿ, ಹಿರಿಯೂರು

ಮೇಡಂ, ನಾನು ಕವಿತೆ ಬರೆಯುವವನಲ್ಲ. ಅಡಿಕೆ ತೋಟ ಇದೆ. ಈ 'ಅಂತೆ' ಮಾತಿಗೆ ಒಂದು ಹೇಳಬೇಕು ಅನಿಸಿತು.

ನಮ್ಮ ವಾಣಿವಿಲಾಸ ಸಾಗರ 1907ಕ್ಕೆ ಕಟ್ಟಿ ಮುಗಿದದ್ದು. 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತಂತೆ. ಅಜ್ಜ ಹೇಳುತ್ತಿದ್ದರು, ಅವರಿಗೆ ಅವರಪ್ಪ ಹೇಳಿದ್ದು. ನಾನು ಹುಟ್ಟಿದಾಗಿನಿಂದ ಡ್ಯಾಂ ತುಂಬಿದ್ದು ನೋಡಿರಲಿಲ್ಲ. ಕೋಡಿ ಬಿದ್ದಿತ್ತಂತೆ, ಮೀನು ರಸ್ತೆಗೆ ಬಂದಿದ್ದವಂತೆ. ನಮಗೆ ಅದು ರಾಜಕುಮಾರಿ ಕಥೆ ಇದ್ದ ಹಾಗೆ. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದ ಮೇಲೆ, ಕೋಡಿ ಬಿತ್ತು. ಊರಿಗೆ ಊರೇ ಹೋಗಿ ನಿಂತಿತ್ತು. ನನ್ನ ಅಪ್ಪ ಸುಮ್ನೆ ಅಳುತ್ತಾ ನಿಂತಿದ್ದರು. 2025ರ ಜನವರಿಯಲ್ಲಿ ಮತ್ತೆ ಬಿತ್ತು.

ಈಗ ನಮ್ಮ ಮನೆಯಲ್ಲಿ ಕೋಡಿ ಬಿತ್ತು ಅಂತಾರೆ. 'ಅಂತೆ' ಬಿಟ್ಟುಹೋಗಿದೆ. ಅದು ನಿಮ್ಮ ಕವಿತೆಯಲ್ಲಿ ಆದದ್ದೇ ಅನಿಸಿತು.

ಜೋಗಿಮಟ್ಟಿ ಗಾಳಿ

ಅಣ್ಣಾ, ನೀವು ಬರೆದದ್ದೇ ಕವಿತೆ. 'ಅಂತೆ ಬಿಟ್ಟುಹೋಗಿದೆ' ಅನ್ನುವ ಮಾತನ್ನು ನಾನು ಮರೆಯುವುದಿಲ್ಲ.

ತೋಳಹುಣಸೆ ಹುಡುಗ

ಹಾಗಾದರೆ ಇದಕ್ಕೆ ಕನ್ನಡ ಹೆಸರು ಸಿಕ್ಕಿತಲ್ಲ! ಸ್ಪೆಕ್ಯುಲೇಟಿವ್ ಕವಿತೆ ಬೇಡ, 'ಅಂತೆ ಕವಿತೆ' ಅನ್ನೋಣ.

ಹಳೇ ಮೇಷ್ಟ್ರು

ಚೆನ್ನಾಗಿದೆ. ಆದರೆ ಅಂತೆಕಂತೆ ಅಂದರೆ ಜನಕ್ಕೆ ಗಾಳಿಮಾತು ಅಂತಲೇ ಅರ್ಥ. ಆ ಕಳಂಕ ಅಂಟಿಕೊಳ್ಳುತ್ತದೆ. ಊಹೆಯ ಕವಿತೆ ಅಂದರೆ ಸಪ್ಪೆ, ಅದೂ ಒಪ್ಪುತ್ತೇನೆ. ಸ್ವಲ್ಪ ದಿನ ಹೆಸರಿಲ್ಲದೆ ಬರೆಯಿರಿ. ಮಗು ಹುಟ್ಟಿದ ಮೇಲೆ ತಾನೇ ನಾವು ಹೆಸರಿಡುವುದು.

ನನಗೆ ನಮ್ಮ ಜಿಲ್ಲೆಯಲ್ಲೇ ಇಂಥ ಎಷ್ಟು 'ಅಂತೆ' ಇವೆ ಅಂತ ಈಗ ನೆನಪಾಗುತ್ತಿದೆ. ದಾವಣಗೆರೆ 1997ರ ತನಕ ಚಿತ್ರದುರ್ಗ ಜಿಲ್ಲೆಯೇ ಆಗಿತ್ತು, ಹಾಗಾಗಿ ನಮ್ಮ ಜಿಲ್ಲೆ ಅನ್ನುತ್ತೇನೆ. ಕೋಟೆಯೊಳಗೆ ಹಿಡಿಂಬೇಶ್ವರ ಗುಡಿಯಲ್ಲಿ ಒಂದು ದೊಡ್ಡ ಹಲ್ಲು ಇದೆ. ಹಿಡಿಂಬನದಂತೆ. ಚಿಕ್ಕವನಿದ್ದಾಗ ಅಪ್ಪ ಅದನ್ನು ತೋರಿಸಿದ ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಹೆದರಿಕೆಯಿಂದ ಅಲ್ಲ. ಅಷ್ಟು ದೊಡ್ಡ ಹಲ್ಲಿನವನು ಏನು ತಿನ್ನುತ್ತಿದ್ದ, ಅವನಿಗೆ ಹಲ್ಲು ನೋವು ಬಂದರೆ ಯಾರು ಮದ್ದು ಕೊಡುತ್ತಿದ್ದರು ಅಂತ ಯೋಚಿಸುತ್ತಾ ಮಲಗಿದ್ದೆ.

ಜೋಗಿಮಟ್ಟಿ ಗಾಳಿ

ಮೇಷ್ಟ್ರೇ, ದಯವಿಟ್ಟು ಅದನ್ನು ಬರೆಯಿರಿ. ಹಿಡಿಂಬನ ಹಲ್ಲು ನೋವು. ನಾನು ಕೈಮುಗಿದು ಕೇಳುತ್ತಿದ್ದೇನೆ.

ಕಾವಲು ಹುಲ್ಲು, ಚಳ್ಳಕೆರೆ

ಅಕ್ಕಾ, ನಾನು ಬಿ.ಎಸ್‌ಸಿ. ಕೊನೆಯ ವರ್ಷ. ನಮ್ಮೂರು ನಾಯಕನಹಟ್ಟಿ ಕಡೆ. ನಿಮ್ಮ ಮೂರನೇ ಕವಿತೆ ಯಾವುದರ ಬಗ್ಗೆ ಅಂತ ಕೇಳುವುದಿಲ್ಲ. ನಮ್ಮ ಕಡೆಯದ್ದು ಇರಲಿ ಅಂತ ಆಸೆ.

ಇಲ್ಲಿ ಇಸ್ರೋದವರು ರೆಕ್ಕೆಯ ರಾಕೆಟ್ ಇಳಿಸುವ ಪರೀಕ್ಷೆ ಮಾಡಿದರಲ್ಲ. 2023ರ ಏಪ್ರಿಲ್‌ನಲ್ಲಿ ಒಂದು, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತು ಒಯ್ದು ಬಿಟ್ಟಿತು. ಪೈಲಟ್ ಇಲ್ಲದೆ ಅದೇ ದಾರಿ ನೋಡಿಕೊಂಡು ಬಂದು ಇಳಿಯಿತು. ಕೊನೆಯ ಸಲ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರ್‌ಗಿಂತ ಜಾಸ್ತಿ. ಹೆಸರು ಪುಷ್ಪಕ. ನನ್ನ ತಾತ ದೇವರ ಎತ್ತುಗಳ ಕಿಲಾರಿ, ಅಂದರೆ ಅವನ್ನು ಮೇಯಿಸಿ ನೋಡಿಕೊಳ್ಳುವವರು. ಬೆಳಗ್ಗೆ ಎತ್ತು ಹೊಡೆದುಕೊಂಡು ಹೋದವರು ಸದ್ದು ಕೇಳಿ ನಿಂತರಂತೆ. ಮನೆಗೆ ಬಂದು, 'ರಾಮ ಹೋದ ಮ್ಯಾಲೆ ಅದು ಖಾಲಿ ವಾಪಸ್ ಬಂತು' ಅಂದರು. ರಾಮಾಯಣ ಓದಿದವರಲ್ಲ ನನ್ನ ತಾತ, ಬಯಲಾಟದಲ್ಲಿ ನೋಡಿದ್ದು. ಒಳಗೆ ಯಾರೂ ಇರಲಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ನೋವೂ ಇದೆ. ಆ ನೆಲ ಮೊದಲು ಅಮೃತ ಮಹಲ್ ಕಾವಲು. ದನ ಕುರಿ ಮೇಯುತ್ತಿದ್ದ ಜಾಗ. ಈಗ ಗೋಡೆ ಇದೆ. ನನಗೆ ರಾಕೆಟ್ ನೋಡಿದರೆ ಹೆಮ್ಮೆ, ಗೋಡೆ ನೋಡಿದರೆ ಸಂಕಟ. ಎರಡನ್ನೂ ಒಂದೇ ಕವಿತೆಯಲ್ಲಿ ಇಡಬಹುದಾ?

ಜೋಗಿಮಟ್ಟಿ ಗಾಳಿ

ಇಡಬೇಕು ತಂಗಿ. ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ. ತಾತ ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಇಡು. ತಿದ್ದಬೇಡ. ಇದನ್ನು ನೀನು ಬರೆಯಬೇಕು, ನಾನಲ್ಲ. ನನ್ನ ಮೂರನೆಯದು ಬೇರೆ ವಿಷಯ, ಅದಕ್ಕೆ ನಿಶ್ಚಿಂತೆಯಿಂದಿರು. ಮತ್ತೆ ಒಂದು ಮಾತು, ಪೂರ್ತಿ ಕವಿತೆ ಆದ ಮೇಲೆ ಇಲ್ಲಿ ಹಾಕಬೇಡ. ಮೊದಲು ಎಲ್ಲಿಗಾದರೂ ಕಳಿಸು. ಬೇಕಿದ್ದರೆ ನನಗೆ ಓದಿ ಹೇಳು.

ಭಟ್ಟಿ ಮನೆ, ದಾವಣಗೆರೆ

ನಮಸ್ಕಾರ ಮೇಡಂ. ನಮ್ಮದು ಮಂಡಕ್ಕಿ ಭಟ್ಟಿ, ತಾತನ ಕಾಲದ್ದು. ನಿಮ್ಮ ಚಂದ್ರನ ಕವಿತೆ ಇಂಗ್ಲಿಷಿನಲ್ಲಿ ಓದಿದೆ. ಅಪ್ಪ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಇಬ್ಬರೂ ಕೆಲಸ ಬಿಟ್ಟು ಕೂತು ಕೇಳಿದರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಹಾಕುವ ತನಕ ಎಲ್ಲ ಸರಿಯಾಗಿ ಬರೆದಿದ್ದೀರಿ. ಅಕ್ಕಿಯೊಳಗಿನ ಹಸಿ ಆವಿಯಾಗಿ ಒದ್ದು ಅರಳಿಸುತ್ತದೆ ಅನ್ನುವ ಸಾಲಿಗೆ ಅಪ್ಪ ತಲೆದೂಗಿದರು. ಚಂದ್ರನಲ್ಲಿ ತೂಕ ಆರರಲ್ಲಿ ಒಂದು ಪಾಲು, ಅದಕ್ಕೆ ಮಂಡಕ್ಕಿ ಹಾರಿ ಬೇಗ ಕೆಳಗೆ ಬರುವುದಿಲ್ಲ ಅಂದಾಗ ಅವ್ವ, 'ಹಂಗಾದ್ರೆ ಗುಡಿಸೋದೇ ದೊಡ್ಡ ಕೆಲಸ' ಅಂದರು.

ನನಗೆ ಹಿಡಿಸಿದ್ದು ಸದ್ದಿನ ಮಾತು. ಅಲ್ಲಿ ಗಾಳಿ ಇಲ್ಲ, ಸದ್ದೂ ಇಲ್ಲ. ನಮ್ಮಲ್ಲಿ ಅರಳುವ ಸದ್ದು ಕೇಳಿಯೇ ಹದ ತಿಳಿಯುವುದು. ಅದಿಲ್ಲದಾಗ ಆ ಹೆಂಗಸು ಏನು ಮಾಡುತ್ತಾಳೆ ಅಂತ ಯೋಚಿಸಿದ್ದೀರಲ್ಲ, ಬೇರೆ ಯಾರೂ ಯೋಚಿಸಿರಲಿಕ್ಕಿಲ್ಲ.

ಆದರೆ ಅವಳು ಬಾಣಲೆಯ ಅಂಚಿಗೆ ಅಂಗೈ ಒತ್ತಿ ನಡುಕ ನೋಡಿ ತಿಳಿಯುತ್ತಾಳೆ ಅಂತ ಬರೆದಿದ್ದೀರಿ. ಅಪ್ಪ ಅದನ್ನು ಒಪ್ಪಲಿಲ್ಲ. ಕಾದ ಬಾಣಲೆಯನ್ನು ಯಾರೂ ಮುಟ್ಟುವುದಿಲ್ಲ ಅಂದರು. ಮರಳು ತಿರುವುವ ಕೋಲು ಇರುತ್ತಲ್ಲ, ಅದರ ಹಿಡಿಯಲ್ಲಿ ಗೊತ್ತಾಗುತ್ತದಂತೆ. ಮರಳು ಹದಕ್ಕೆ ಬಂದಾಗ ಕೋಲು ಹಗುರ ಆಗುತ್ತದೆ, ಅಕ್ಕಿ ಅರಳುವಾಗ ಹಿಡಿ ಒಳಗಿಂದ ತಟ್ಟಿದ ಹಾಗೆ ಆಗುತ್ತದೆ. ಕಿವಿ ಮಂದವಾದ ಮೇಲೆ ತಾತ ಹನ್ನೆರಡು ವರ್ಷ ಹಾಗೇ ಹುರಿದರು.

ಜೋಗಿಮಟ್ಟಿ ಗಾಳಿ

ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಸಾಲನ್ನು ನಾನು ತಪ್ಪು ಬರೆದೆ. ಭಟ್ಟಿಯನ್ನು ಹೊರಗೆ ನಿಂತು ನೋಡಿದ್ದೆ ಅಷ್ಟೇ, ಕೋಲು ಹಿಡಿದಿರಲಿಲ್ಲ. ಇಂಗ್ಲಿಷಿನದು ಅಚ್ಚಾಗಿ ಹೋಗಿದೆ. ಕನ್ನಡದ್ದು ಇನ್ನೂ ನನ್ನ ಕೈಯಲ್ಲೇ ಇದೆ, ತಿದ್ದುತ್ತೇನೆ. ತಿದ್ದುವ ಮುಂಚೆ ಒಂದು ಸಲ ಬಂದು ಆ ಹಿಡಿ ಹಿಡಿದು ನೋಡಬಹುದಾ?

ಭಟ್ಟಿ ಮನೆ

ಬನ್ನಿ ಮೇಡಂ. ಒಲೆ ಹಚ್ಚುವುದು ಬೆಳಗಿನ ಜಾವ ನಾಲ್ಕಕ್ಕೆ. ದುರ್ಗದಿಂದ ಅಷ್ಟು ಹೊತ್ತಿಗೆ ಬರುವುದು ಕಷ್ಟ. ಹಿಂದಿನ ರಾತ್ರಿಯೇ ಬಂದು ನಮ್ಮಲ್ಲೇ ಉಳಿಯಿರಿ ಅಂತ ಅವ್ವ ಹೇಳುತ್ತಿದ್ದಾರೆ. ಹತ್ತಿ ಸೀರೆ ಉಟ್ಟು ಬರಬೇಕಂತೆ, ನೈಲಾನ್ ಬಟ್ಟೆಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಮೇಷ್ಟ್ರು ದಾವಣಗೆರೆಯಲ್ಲೇ ಇದ್ದಾರಲ್ಲ, ಅವರೂ ಬರಲಿ. ಕವಿತೆಯ ಕನ್ನಡದ್ದನ್ನು ಮರೆಯದೆ ತನ್ನಿ. ಅಪ್ಪನಿಗೆ ನೀವೇ ಓದಿ ಹೇಳಬೇಕು.